ಫಿಂಚ್ ಹಕ್ಕಿಯ ಮುರಿದ ಕಾಲಿಗೆ ನೀವೇ ಪಟ್ಟಿ ಕಟ್ಟಬೇಡಿ

ನಮ್ಮ ಮನೆಯ ಜೀಬ್ರಾ ಫಿಂಚ್‌ಗೆ ಈಗ ಒಂದೇ ಕಾಲು. ಇನ್ನೊಂದು ಹೋಗಿದ್ದು ಒಂದು ಎಳೆ ದಾರದಿಂದ ಅಂತ ಮೊದಮೊದಲು ಎಲ್ಲರಿಗೂ ಹೇಳುತ್ತಿದ್ದೆ. ಅದು ಪೂರ್ತಿ ನಿಜ ಅಲ್ಲ. ದಾರ ಕಾಲನ್ನು ಮುರಿಯಿತು, ಅಷ್ಟೇ. ಕಾಲನ್ನು ಕಳೆದಿದ್ದು ನಾನು ಕಟ್ಟಿದ ಪಟ್ಟಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಈ ಹೊತ್ತಿಗೂ ಯಾರೋ ಒಬ್ಬರು ಬೆಂಕಿಕಡ್ಡಿ, ಟೇಪು ಹಿಡಿದುಕೊಂಡು ಕೂತಿರಬಹುದು.

ಗೂಡು ಕಟ್ಟಿಕೊಳ್ಳಲಿ ಅಂತ ಪಂಜರದೊಳಗೆ ಹಳೆಯ ಬಟ್ಟೆಯಿಂದ ಬಿಡಿಸಿದ ಉದ್ದುದ್ದ ದಾರ ಹಾಕಿದ್ದೆ. ಗಂಡು ಹಕ್ಕಿ ಒಂದೊಂದೇ ಎಳೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗುವುದನ್ನು ನೋಡುವುದೇ ಒಂದು ಚೆಂದ. ಒಂದು ಬೆಳಗ್ಗೆ ನೋಡಿದರೆ ಅದು ಗೂಡಿನ ಬಾಯಿಂದ ತಲೆಕೆಳಗಾಗಿ ನೇತಾಡುತ್ತಾ ರೆಕ್ಕೆ ಬಡಿಯುತ್ತಿತ್ತು. ಒಂದು ಕಾಲಿಗೆ ದಾರ ಸುತ್ತಿಕೊಂಡಿತ್ತು. ಎಷ್ಟು ಹೊತ್ತಿನಿಂದ ಹಾಗೆ ಇತ್ತೋ ಏನೋ.

ಗಾಬರಿಯಲ್ಲಿ ದಾರವನ್ನು ಹಿಡಿದು ಎಳೆದೆ. ಎಳೆದಷ್ಟೂ ಬಿಗಿಯಾಯಿತು. ಮೊದಲು ಒಂದು ಕೈಯಲ್ಲಿ ಹಕ್ಕಿಯ ಭಾರ ಹೊತ್ತು, ಗೂಡಿನ ಕಡೆಯ ದಾರವನ್ನು ಕತ್ತರಿಸಬೇಕಿತ್ತು. ಕಾಲಿಗೆ ಸುತ್ತಿದ್ದನ್ನು ಆಮೇಲೆ ಒಳ್ಳೆಯ ಬೆಳಕಿನಲ್ಲಿ, ಸಣ್ಣ ಕತ್ತರಿಯಿಂದ ನಿಧಾನವಾಗಿ ಬಿಡಿಸಬಹುದು. ದಾರ ಚರ್ಮದೊಳಗೆ ಹೂತುಹೋಗಿದ್ದರೆ ಅದನ್ನೂ ಮುಟ್ಟಬಾರದು, ಡಾಕ್ಟರೇ ತೆಗೆಯಲಿ. ಹಿಡಿಯುವಾಗ ಎದೆಯನ್ನು ಮಾತ್ರ ಅದುಮಬೇಡಿ. ಹಕ್ಕಿಗಳು ಉಸಿರಾಡುವುದೇ ಎದೆಗೂಡನ್ನು ಮುಂದೆ ಹಿಂದೆ ಆಡಿಸಿ. ಎದೆ ಬಿಗಿಯಾಗಿ ಹಿಡಿದರೆ ಉಸಿರೇ ನಿಲ್ಲುತ್ತದೆ.

ದಾರ ಬಿಡಿಸಿದ ಮೇಲೆ ಕಾಲು ಜೋತುಬಿದ್ದಿತ್ತು. ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿದೆ. ನಾಯಿ, ಬೆಕ್ಕು ನೋಡುವವರು. ಇಷ್ಟು ಚಿಕ್ಕ ಹಕ್ಕಿಗೆ ಏನೂ ಮಾಡಲಾಗದು ಅಂದುಬಿಟ್ಟರು. ನಾನೂ ಸುಮ್ಮನೆ ಫೋನ್ ಇಟ್ಟೆ. 'ಹಾಗಾದರೆ ಹಕ್ಕಿ ನೋಡುವವರು ಯಾರಿದ್ದಾರೆ?' ಅಂತ ಒಂದು ಮಾತು ಕೇಳಿದ್ದರೆ ಕಥೆ ಬೇರೆ ಇರುತ್ತಿತ್ತು.

ಆಮೇಲೆ ಶುರುವಾಯಿತು ನನ್ನ ವೈದ್ಯ. ಯಾವುದೋ ವಿಡಿಯೋ ನೋಡಿ, ಬೆಂಕಿಕಡ್ಡಿಯ ತುಂಡನ್ನು ಕಾಲಿಗೆ ಆನಿಸಿ, ಮೇಲೆ ಅಂಟುವ ಟೇಪು ಸುತ್ತಿದೆ. ಕಾಲು ನೆಟ್ಟಗೆ ನಿಂತಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೇ ಆಯಿತು, ಫೋಟೋ ಕೂಡ ತೆಗೆದೆ.

ಆ ಪಟ್ಟಿಯಲ್ಲಿದ್ದ ತಪ್ಪುಗಳು ಒಂದೆರಡಲ್ಲ. ಫಿಂಚ್‌ನ ಕಾಲಿನ ಕೆಳಭಾಗದಲ್ಲಿ ಮಾಂಸವೇ ಇಲ್ಲ. ಎಲುಬು, ನರ, ರಕ್ತನಾಳ, ಮೇಲೊಂದು ತೆಳು ಚರ್ಮ. ಟೇಪು ಒಂದು ಕೂದಲೆಳೆ ಬಿಗಿಯಾದರೂ ರಕ್ತ ಕೆಳಗೆ ಇಳಿಯುವುದಿಲ್ಲ. ಮೇಲಾಗಿ ಮುರಿದ ಜಾಗ ಮೊದಲ ಒಂದೆರಡು ದಿನ ಊದುತ್ತದೆ. ಇವತ್ತು ಸರಿಯಾಗಿ ಕೂತ ಪಟ್ಟಿ ನಾಳೆ ಹಗ್ಗದ ಹಾಗೆ ಬಿಗಿಯುತ್ತದೆ. ಇನ್ನು ಆ ನೆಟ್ಟಗಿನ ಕಾಲು ಇದೆಯಲ್ಲ, ಅದೇ ದೊಡ್ಡ ಎಡವಟ್ಟು. ಹಕ್ಕಿ ಕೋಲಿನ ಮೇಲೆ ಕೂರುವಾಗ ಕಾಲು ಮಡಚಿರುತ್ತದೆ, ಅಲ್ವಾ? ಪಟ್ಟಿಯನ್ನೂ ಅದೇ ಮಡಿಕೆಯಲ್ಲಿ ಕಟ್ಟಬೇಕು. ನೆಟ್ಟಗೆ ಕಟ್ಟಿದ ಕಾಲು ಎಲುಬು ಕೂಡಿದ ಮೇಲೂ ಕೂರಲು ಬಾರದೆ ಹೋಗಬಹುದು. ಬೆಂಕಿಕಡ್ಡಿಯ ಭಾರವೂ ಕಮ್ಮಿ ಏನಲ್ಲ. 12ರಿಂದ 15 ಗ್ರಾಂ ತೂಗುವ ಜೀವ ಅದು.

ಎರಡು ದಿನ ಅದು ಟೇಪನ್ನು ಕುಕ್ಕುತ್ತಲೇ ಇತ್ತು. ಅಭ್ಯಾಸ ಆಗುತ್ತದೆ ಬಿಡು ಅಂದುಕೊಂಡೆ. ಗಾಯಕ್ಕೆ ಅಂತ ನಾವು ಹಚ್ಚಿಕೊಳ್ಳುವ ಮುಲಾಮು ಬೇರೆ ಸವರಿದ್ದೆ. ಅದರ ಜಿಡ್ಡು ಹೊಟ್ಟೆಯ ಪುಕ್ಕಕ್ಕೆಲ್ಲ ಹತ್ತಿತು. ಜಿಡ್ಡಾದ ಪುಕ್ಕ ಮೈಯ ಬಿಸಿ ಹಿಡಿದಿಡುವುದಿಲ್ಲ. ಮರಗಟ್ಟಿಸುವ ಔಷಧ ಸೇರಿದ ಮುಲಾಮಾದರೆ ಇಷ್ಟು ಸಣ್ಣ ಹಕ್ಕಿಯ ಜೀವಕ್ಕೇ ಅಪಾಯ. ಮನುಷ್ಯರ ನೋವಿನ ಮಾತ್ರೆಯ ಚೂರನ್ನು ನೀರಿಗೆ ಹಾಕೋಣ ಅಂತಲೂ ಯೋಚಿಸಿದ್ದೆ. ಸದ್ಯ, ಹಾಕಲಿಲ್ಲ.

ಮೂರನೆಯ ದಿನ ಬೆರಳುಗಳನ್ನು ನೋಡಿದೆ. ಇನ್ನೊಂದು ಕಾಲು ಕಿತ್ತಳೆ ಬಣ್ಣ. ಇದು ಕಪ್ಪಾಗಿತ್ತು, ತಣ್ಣಗಿತ್ತು, ಒಣಗಿದ ಕಡ್ಡಿಯ ಹಾಗೆ.

ಆಗ ಹುಡುಕಿದರೆ ಹಕ್ಕಿ ನೋಡುವ ಡಾಕ್ಟರ್ ಸಿಕ್ಕಿದರು. ಮೂರು ದಿನ ಮೊದಲೇ ಹುಡುಕಿದ್ದರೂ ಸಿಗುತ್ತಿದ್ದರು. ಟೇಪು ಬಿಚ್ಚಿ ನೋಡಿ, ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಲುಬು ಚರ್ಮ ಹರಿದು ಹೊರಗೆ ಬಂದಿರಲಿಲ್ಲ, ಇಂಥ ಮುರಿತಕ್ಕೆ ಹಗುರವಾದ ಸಣ್ಣ ಟೇಪಿನ ಪಟ್ಟಿ ಸಾಕಿತ್ತು, ಸಣ್ಣ ಹಕ್ಕಿಗಳ ಎಲುಬು ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ ಅಂದರು. ಈಗ ಕತ್ತರಿಸದೆ ದಾರಿಯಿಲ್ಲ ಅಂದರು. ಅರಿವಳಿಕೆ ಕೊಟ್ಟು ಕಾಲು ತೆಗೆದರು. ಇಂಥ ಹಕ್ಕಿಯ ಮೈಯಲ್ಲಿ ಇರುವ ರಕ್ತವೇ ಸುಮಾರು ಒಂದೂವರೆ ಮಿಲಿಲೀಟರ್. ಕೆಲವೇ ಹನಿ ಹೋದರೂ ಜೀವ ಹೋಗಬಹುದು. ಹೊರಗೆ ಕೂತು ನಾನು ಅದನ್ನೇ ಲೆಕ್ಕ ಹಾಕುತ್ತಿದ್ದೆ.

ಹಾಗಾದರೆ ಡಾಕ್ಟರ್ ಸಿಗುವ ತನಕ ಏನು ಮಾಡುವುದು? ಕಾಲಿಗೆ ಏನೂ ಮಾಡದಿರುವುದು. ಹಕ್ಕಿಯನ್ನು ಒಂದು ಸಣ್ಣ ಪೆಟ್ಟಿಗೆಗೋ ಪುಟ್ಟ ಪಂಜರಕ್ಕೋ ಹಾಕಿ. ಒಳಗೆ ಕೋಲು ಬೇಡ. ಕೋಲಿದ್ದರೆ ಹತ್ತಲು ಹೋಗಿ ಬೀಳುತ್ತದೆ. ನೆಲಕ್ಕೆ ಟಿಶ್ಯೂ ಪೇಪರ್ ಹಾಸಿ. ಎಳೆ ಬಿಡುವ ಟವೆಲ್ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಪೆಟ್ಟಿಗೆಯ ಒಂದು ಬದಿ ಮಾತ್ರ ಸುಮಾರು 30 ಡಿಗ್ರಿ ಬೆಚ್ಚಗಿರಲಿ, ಸೆಕೆಯಾದರೆ ಇನ್ನೊಂದು ಬದಿಗೆ ಸರಿಯುತ್ತದೆ. ಕಾಳು, ನೀರು ಎರಡನ್ನೂ ಚಪ್ಪಟೆ ಮುಚ್ಚಳದಲ್ಲಿ ಕೊಕ್ಕಿನ ಹತ್ತಿರವೇ ಇಡಿ. ಫಿಂಚ್ ಇಡೀ ದಿನ ತಿನ್ನುತ್ತಲೇ ಇರುವ ಹಕ್ಕಿ, ಒಂದು ದಿನ ತಿನ್ನದಿದ್ದರೂ ಕುಸಿಯುತ್ತದೆ. ಜೋಡಿ ಹಕ್ಕಿ ಗಾಯವನ್ನು ಕುಕ್ಕಬಹುದು, ಹಾಗಾಗಿ ಬೇರೆ ಇಡಿ. ಆದರೆ ಒಂದರ ದನಿ ಇನ್ನೊಂದಕ್ಕೆ ಕೇಳುವಷ್ಟು ಹತ್ತಿರ. ಮೈ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರೆ ನಿದ್ದೆ ಅಂದುಕೊಳ್ಳಬೇಡಿ. ಹಕ್ಕಿಗಳು ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತವೆ. ಕಣ್ಣಿಗೆ ಕಾಣುವ ಹೊತ್ತಿಗೆ ತುಂಬಾ ಮುಂದೆ ಹೋಗಿರುತ್ತದೆ.

ಗೂಡಿಗೆ ದಾರ, ಹತ್ತಿ, ಉಣ್ಣೆ ಹಾಕಲೇಬೇಡಿ. ಬೆರಳುದ್ದಕ್ಕೆ ಕತ್ತರಿಸಿದ ಒಣಹುಲ್ಲು ಸಾಕು. ಕಾಲಿಗೆ ಗುರುತಿನ ರಿಂಗ್ ಇದ್ದು ಅದರ ಸುತ್ತ ಊದಿದ್ದರೆ ಅದೂ ಇಂಥದ್ದೇ ತುರ್ತು. ಉಗುರು ಜಾಸ್ತಿ ಬೆಳೆದಿದ್ದರೂ ಹುಷಾರು.

ಉಳಿದ ಒಂದು ಕಾಲಿನ ಚಾಕರಿ ಈಗ ನಡೆದಿದೆ. ಇಡೀ ಭಾರ ಅದರ ಮೇಲೇ ಬೀಳುವುದರಿಂದ ಅಂಗಾಲು ಕೆಂಪಾಗಿ ಹುಣ್ಣಾಗುವ ಅಪಾಯ ಇದೆ. ಅದಕ್ಕೆ ಕೋಲುಗಳನ್ನು ತಗ್ಗಿಸಿ, ಆ ಕೋಲುಗಳಿಗೆ ಮೆತ್ತನೆಯ ಬ್ಯಾಂಡೇಜ್ ಸುತ್ತಿದ್ದೇನೆ. ಒಂದು ಕಡೆ ಚಪ್ಪಟೆ ಹಲಗೆ ಇಟ್ಟಿದ್ದೇನೆ. ದಿನಾ ಅಂಗಾಲು ನೋಡುತ್ತೇನೆ. ಹಾರುತ್ತದೆ, ಹಾಡುತ್ತದೆ, ಕೂರುವಾಗ ಸ್ವಲ್ಪ ಓಲಾಡುತ್ತದೆ. ತಲೆ ಕೆರೆದುಕೊಳ್ಳಲು ಮಾತ್ರ ಆಗುವುದಿಲ್ಲ. ಇರುವ ಕಾಲನ್ನು ಎತ್ತಿದರೆ ನಿಲ್ಲಲು ಇನ್ನೊಂದಿಲ್ಲ. ಹೊಸ ಪುಕ್ಕ ಬರುವಾಗ ತಲೆಯ ಮೇಲೆಲ್ಲ ಮುಳ್ಳಿನ ಹಾಗೆ ಏಳುತ್ತವೆ. ಆಗ ಅದು ಹೆಣ್ಣಿನ ಪಕ್ಕ ಸರಿದು ತಲೆ ಬಗ್ಗಿಸುತ್ತದೆ. ಹೆಣ್ಣು ಒಂದೊಂದರ ಪೊರೆಯನ್ನೇ ಕೊಕ್ಕಿನಿಂದ ಬಿಡಿಸಿಕೊಡುತ್ತದೆ.