ಅಮ್ಮನ ಮಾತ್ರೆ ಲೆಕ್ಕ ಇಮೇಲ್‌ನಲ್ಲೇ: ನಮ್ಮ ಅನುಭವ

ಅಮ್ಮನಿಗೆ ಹೃದಯದ ವಾಲ್ವ್ ಬದಲಿಸಿ ನಾಲ್ಕು ವರ್ಷ ಆಯ್ತು. ಮೆಕ್ಯಾನಿಕಲ್ ವಾಲ್ವ್ ಆದ್ದರಿಂದ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ಜೀವನಪೂರ್ತಿ ಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿಸುವ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ ನೋಡಿ ಡೋಸ್ ಹೆಚ್ಚು ಕಡಿಮೆ ಮಾಡುತ್ತಾರೆ. ಅಮ್ಮನಿಗೆ ಅದು 2.5ರಿಂದ 3.5ರ ಒಳಗೆ ಇರಬೇಕು; ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ. ನಾವಿರುವುದು ಶಿರಸಿ ಹತ್ತಿರ, ಡಾಕ್ಟರ್ ಬೆಂಗಳೂರಲ್ಲಿ. ಒಂದು ನಂಬರ್ ತೋರಿಸಲು ಪ್ರತಿ ತಿಂಗಳು ರಾತ್ರಿ ಬಸ್ ಹತ್ತುವುದು ಅಮ್ಮನ ಕೈಲಿ ಆಗುವ ಮಾತಲ್ಲ.

ಮೊದಲು ಫೋನಲ್ಲೇ ಕೇಳುತ್ತಿದ್ದೆವು. ಒಮ್ಮೆ ಆ ಕಡೆಯಿಂದ "ಒಂದೂವರೆ" ಅಂದರು. ಅವರು ಹೇಳಿದ್ದು 2 ಮಿಲಿಗ್ರಾಂನ ಒಂದೂವರೆ ಮಾತ್ರೆ, ಅಂದ್ರೆ 3 ಮಿಲಿಗ್ರಾಂ. ನಾವು ಒಂದೂವರೆ ಮಿಲಿಗ್ರಾಂ ಅಂದುಕೊಂಡು ಹತ್ತು ದಿನ ಅಷ್ಟೇ ಕೊಟ್ಟೆವು. ಐಎನ್‌ಆರ್ 1.6ಕ್ಕೆ ಇಳಿದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿಂದ ಎಲ್ಲಾ ಮೇಲ್‌ನಲ್ಲೇ.

ಅಮ್ಮನ ಆಸ್ಪತ್ರೆ ನೋಂದಣಿ ನಂಬರ್, ಐಎನ್‌ಆರ್, ಈಗಿನ ಡೋಸ್, ಮಾತ್ರೆ ತಪ್ಪಿದ್ದರೆ ಯಾವ ದಿನ, ಬೇರೆ ಔಷಧಿ ತಗೊಂಡಿದ್ದರೆ ಅದರ ಹೆಸರು, ಇಷ್ಟು ಬರೆಯುತ್ತೇನೆ. ರಿಪೋರ್ಟ್ ಫೋಟೋ ಮಸುಕಾಗಿದ್ದರೆ ಅಂತ ನಂಬರನ್ನು ಟೈಪ್ ಕೂಡ ಮಾಡುತ್ತೇನೆ. "ಸೋಮ, ಬುಧ, ಶುಕ್ರ 3 ಮಿ.ಗ್ರಾಂ., ಉಳಿದ ದಿನ 2" ಅಂತ ಉತ್ತರ ಬರುತ್ತದೆ. ಅಮ್ಮ ಅದನ್ನು ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದು, ಮಾತ್ರೆ ನುಂಗಿದ ಮೇಲೆ ಆ ದಿನಕ್ಕೆ ಸುತ್ತು ಹಾಕುತ್ತಾರೆ. ಓಪಿಡಿ ಗಡಿಬಿಡಿಯಲ್ಲಿ ಕೇಳಲಾಗದ್ದನ್ನೂ ಮೇಲ್‌ನಲ್ಲಿ ಕೇಳಬಹುದು. ಸೊಪ್ಪು ವಾರ್ಫರಿನ್ ಪ್ರಭಾವ ತಗ್ಗಿಸುತ್ತದಲ್ಲ, ಪೂರ್ತಿ ಬಿಡಬೇಕಾ ಅಂತ ಕೇಳಿದ್ದೆ, ಹರಿವೆ ಸೊಪ್ಪು ಅಂದ್ರೆ ಅಮ್ಮನಿಗೆ ಪ್ರಾಣ. ಬಿಡಬೇಡಿ, ಒಂದು ವಾರ ಜಾಸ್ತಿ ಒಂದು ವಾರ ಇಲ್ಲವೇ ಇಲ್ಲ ಅಂತ ಮಾಡದೆ ಒಂದೇ ಅಳತೆಯಲ್ಲಿ ತಿನ್ನಿ ಅಂದರು. ಅಮ್ಮನ ಮುಖ ಅರಳಿತು.

ಆದರೆ ತುರ್ತಿಗೆ ಮೇಲ್ ನಂಬಬೇಡಿ. ಕಳೆದ ಮಳೆಗಾಲ ಭೇದಿ ಅಂತ ಅಮ್ಮ ಊರಲ್ಲಿ ಮೆಟ್ರೋನಿಡಜೋಲ್ ಅನ್ನುವ ಆಂಟಿಬಯಾಟಿಕ್ ತಗೊಂಡರು, ಅದು ವಾರ್ಫರಿನ್ ಪ್ರಭಾವ ಹೆಚ್ಚಿಸುತ್ತದೆ, ಐಎನ್‌ಆರ್ 4.9 ಆಯ್ತು. ಶನಿವಾರ ಸಂಜೆ ಮೇಲ್ ಹಾಕಿದೆ. ಉತ್ತರ ಬಂದದ್ದು ಸೋಮವಾರ ಮಧ್ಯಾಹ್ನ. ಭಾನುವಾರ ವಾರ್ಡಿಗೆ ಫೋನ್ ಮಾಡಿ ಹಟ ಹಿಡಿದಿದ್ದಕ್ಕೆ ಡ್ಯೂಟಿ ಡಾಕ್ಟರ್ ಅವತ್ತಿನ ಮಾತ್ರೆ ನಿಲ್ಲಿಸಲು ಹೇಳಿದರು. "ವಾರದ ಕೊನೆಗೆ ಮೇಲ್ ನೋಡುವುದಿಲ್ಲ, ರಕ್ತ ಬಂದರೆ ನೇರ ಆಸ್ಪತ್ರೆಗೆ ಹೋಗಿ" ಅಂತ ತಾನಾಗೇ ಹೋಗುವ ಒಂದು ಉತ್ತರ ಇಟ್ಟಿದ್ದರೆ ಸಾಕಿತ್ತು ಅಲ್ವಾ? ಇದೊಂದು ನನಗೆ ನಿಜವಾಗಿ ಬೇಜಾರು. ಕೇಂದ್ರ ಸರ್ಕಾರದ 2020ರ ಟೆಲಿಮೆಡಿಸಿನ್ (ದೂರದಿಂದಲೇ ವೈದ್ಯರ ಸಲಹೆ) ಮಾರ್ಗಸೂಚಿಯಲ್ಲಿ ಇಮೇಲ್ ಮೂಲಕ ಸಲಹೆ ಕೊಡಲು ಅವಕಾಶ ಇದೆ, ತುರ್ತು ಇದ್ದರೆ ನೇರ ಚಿಕಿತ್ಸೆಗೆ ಕಳಿಸಬೇಕು ಅಂತಲೂ ಇದೆ.

ಇಷ್ಟಾದರೂ ನಾನು ಮೇಲ್ ಬಿಡುವುದಿಲ್ಲ. ಹೋದ ತಿಂಗಳು ಅಮ್ಮನಿಗೆ ಹಲ್ಲು ಕೀಳಿಸಬೇಕಾಯ್ತು. ರಕ್ತ ನಿಲ್ಲದಿದ್ದರೆ ಅಂತ ಊರಿನ ದಂತವೈದ್ಯರು ಹಿಂಜರಿದರು. ಒಂದು ವರ್ಷದ ಐಎನ್‌ಆರ್, ಡೋಸ್ ಎಲ್ಲಾ ಮೊಬೈಲ್‌ನಲ್ಲಿ ಅವರ ಮುಂದೆ ಇಟ್ಟೆ. ಬೆಂಗಳೂರಿನ ಡಾಕ್ಟರ್‌ಗೆ ಅವರೇ ನೇರ ಬರೆದರು, ಮರುದಿನ ಉತ್ತರ ಬಂತು, ಗುರುವಾರ ಹಲ್ಲು ಕಿತ್ತರು.