ರಸೀದಿ ಪುಸ್ತಕವನ್ನು ಪರರ ಕೈಗೆ ಕೊಡುವ ಮುನ್ನ

ನನ್ನ ತಮ್ಮನಿಗೆ ಈಗ 26 ವರ್ಷ. ಬೌದ್ಧಿಕ ವಿಕಲತೆಯಿರುವ ಅವನು ವಿಶೇಷ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕುಳಿತು ಬಸ್ಸು ಎಣಿಸುತ್ತಲೇ ದಿನ ಕಳೆಯುತ್ತಾನೆ. ಇಂಥ ವಯಸ್ಕರು ಹಗಲು ಹೊತ್ತು ಒಟ್ಟಿಗೆ ಸೇರಿ ಕೈತೋಟ, ಹಾಡು, ವ್ಯಾಯಾಮಗಳಲ್ಲಿ ತೊಡಗಿರಲೆಂದು ತೀರ್ಥಹಳ್ಳಿ ಸೀಮೆಯ ನಾವು ಐದು ಮನೆಯವರು ಒಂದು ಕ್ಷೇಮ ಕೇಂದ್ರ ತೆರೆಯಲು ಹೊರಟೆವು. ಆ ಯತ್ನ ಹೇಗೆ ಕೆಟ್ಟಿತೆಂಬುದನ್ನು, ನಮ್ಮ ತಪ್ಪನ್ನೂ ಮುಚ್ಚಿಡದೆ, ಬರೆಯುತ್ತಿದ್ದೇನೆ.

ಸಹಾಯಾರ್ಥ ಯಕ್ಷಗಾನ ಆಡಿಸಿ ಹಣ ಕೂಡಿಸಿಕೊಡುತ್ತೇನೆಂದು ಶಿವಮೊಗ್ಗದಿಂದ ಒಬ್ಬರು ಬಂದರು. ಮೇಳ ಗೊತ್ತುಮಾಡುವುದು, ಟಿಕೆಟ್ ಮಾರುವುದು, ಸ್ಮರಣ ಸಂಚಿಕೆಗೆ ಜಾಹೀರಾತು ತರುವುದು ಎಲ್ಲವೂ ತಮ್ಮ ಹೊಣೆ, ನೀವು ಮಕ್ಕಳ ಫೋಟೋ ಕೊಟ್ಟರೆ ಸಾಕು ಎಂದರು. ಮೀಸೆ ಬಂದ ಗಂಡಸರನ್ನು ಮಕ್ಕಳೆಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಸಂಘದ ನೋಂದಣಿಯಾಗುವ ಮೊದಲೇ, ನೂರು ಹಾಳೆಗಳ ಮೂರು ರಸೀದಿ ಪುಸ್ತಕಗಳಿಗೆ ಸಹಿ ಹಾಕಿ, ಕ್ರಮಸಂಖ್ಯೆಯನ್ನೂ ಬರೆದಿಟ್ಟುಕೊಳ್ಳದೆ ಅವರಿಗೆ ಒಪ್ಪಿಸಿಬಿಟ್ಟೆವು. ಖರ್ಚು ಕಳೆದು ಉಳಿದದ್ದು ನಮಗೆ ಎಂಬ ಒಪ್ಪಂದವೂ ಬಾಯಿಮಾತಿನದೇ.

ಮಂಡಿಯಿಂದ ಅಡಿಕೆಯ ಹಣ ಕೈಸೇರುವ ಹೊತ್ತು ನೋಡಿಯೇ ಅವರ ಹುಡುಗರು ಮನೆಮನೆ ತಿರುಗಿದರು. ಆಟವೇನೋ ನಡೆಯಿತು, ಜನವೂ ಚೆನ್ನಾಗಿಯೇ ಸೇರಿತ್ತು. ಲೆಕ್ಕ ಕೇಳಿದಾಗ ಮೇಳದ ವೀಳ್ಯ, ಶಾಮಿಯಾನ, ಜನರೇಟರ್, ಮುದ್ರಣ, ಓಡಾಟ ಎಂದು ಉದ್ದದ ಪಟ್ಟಿಯೊಂದನ್ನು ಓದಿ, 11,000 ರೂಪಾಯಿ ನಮ್ಮ ಕೈಗಿಟ್ಟರು. ನೆರೆಹೊರೆಯವರ ಬಳಿಯಿದ್ದ ರಸೀದಿಗಳನ್ನು ಕೂಡಿದಾಗ ನಮ್ಮ ಊರೊಂದರಲ್ಲೇ ಅದರ ನಾಲ್ಕು ಪಟ್ಟು ಎತ್ತಿದ್ದು ತಿಳಿಯಿತು.

ಆ ರಸೀದಿಗಳ ಮೇಲೆ ‘80ಜಿ ತೆರಿಗೆ ವಿನಾಯಿತಿ ಉಂಟು’ ಎಂದು, ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆಂದು, ನಮಗೆ ಗೊತ್ತಿಲ್ಲದಂತೆ ಮುದ್ರೆ ಬೇರೆ ಒತ್ತಿದ್ದರು. 10,000 ರೂಪಾಯಿ ನಗದು ಕೊಟ್ಟಿದ್ದ ಭಾವನವರು ಮೇ ತಿಂಗಳು ಕಳೆದ ಮೇಲೆ 10ಬಿಇ ಎಂಬ ದಾನದ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದಾಗಲೇ ನಮಗೆ ಅದು ತಿಳಿದದ್ದು. 80ಜಿ ಅನುಮೋದನೆ ಪಡೆದ ಸಂಸ್ಥೆ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ ಆ ಪತ್ರ ಕೊಡಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕಂತೂ ವಿನಾಯಿತಿಯೇ ಇಲ್ಲ. ಇಂಥ ಕೇಂದ್ರ ನಡೆಸಲು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ನೋಂದಣಿಯೂ ಬೇಕು. ದಾನ ಕೇಳಲು ಬಂದವರಲ್ಲಿ 80ಜಿ ಅನುಮೋದನೆ ಮತ್ತು ಈ ನೋಂದಣಿ, ಎರಡರ ಕಾಗದಗಳನ್ನೂ ಕೇಳಿ ನೋಡಿ, ಹಣವನ್ನು ಸಂಸ್ಥೆಯ ಬ್ಯಾಂಕ್ ಖಾತೆಗೇ ಹಾಕಿ. ಬಂದವರ ಸ್ವಂತ ಫೋನ್‌ಪೇ ಸಂಖ್ಯೆಗೆ ಹಾಕಬೇಡಿ.

ಹಣ ಹೋದದ್ದಕ್ಕಿಂತ ನನ್ನನ್ನು ಕೊರೆಯುವುದು ಆ ಫೋಟೋ. ತಮ್ಮನನ್ನು ಒಂದು ಮಾತೂ ಕೇಳದೆ ನಾನೇ ಅದನ್ನು ಕೊಟ್ಟಿದ್ದೆ. ಬಸ್ ನಿಲ್ದಾಣದ ಗೋಡೆಯಲ್ಲಿ ಅದರ ಕೆಳಗೆ ‘ಅನಾಥ ಬುದ್ಧಿಮಾಂದ್ಯ ಮಕ್ಕಳಿಗಾಗಿ’ ಎಂದು ಅಚ್ಚಾಗಿತ್ತು. ಅವನು ತನ್ನ ಚಿತ್ರ ಕಂಡು ಹಿಗ್ಗಿ ಅಮ್ಮನ ಕೈ ಹಿಡಿದೆಳೆದು ತೋರಿಸಿದ. ಅಮ್ಮ ಆ ಸಾಲನ್ನು ಓದಿಕೊಂಡು ಸುಮ್ಮನೆ ನಿಂತಿದ್ದರು.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಎರಡು ಪುಸ್ತಕಗಳು ಮರಳಿ ಬಂದಿವೆ. ಮುದ್ರಣಾಲಯದಲ್ಲಿ ವಿಚಾರಿಸಿದಾಗ ತಿಳಿದಂತೆ, 201ರಿಂದ 300ರವರೆಗಿನ ಮೂರನೆಯ ಪುಸ್ತಕ ಇನ್ನೂ ಹೊರಗಿದೆ. ಸಾಗರ, ಹೊಸನಗರದ ಕಡೆ ಆ ಸಂಖ್ಯೆಯ ರಸೀದಿ ಹಿಡಿದು ಯಾರಾದರೂ ಬಂದರೆ ದಯವಿಟ್ಟು ಹಣ ಕೊಡಬೇಡಿ, ಹತ್ತಿರದ ಠಾಣೆಗೆ ತಿಳಿಸಿ.