ಒಂದೇ ಕುಲಾವಿ, ನಾಲ್ಕು ನೂಲು: ಉಡುಪಿಯ ಮಳೆಗಾಲದಲ್ಲಿ ಯಾವುದು ಬಾಳಿತು?

ನಾದಿನಿಗೆ ಏಳು ತಿಂಗಳು ತುಂಬಿದಾಗ ಅತ್ತೆ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಆಟಿಯಲ್ಲಿ ಹುಟ್ಟುವ ಮಗು. ಒಂದು ಕುಲಾವಿ ಹೆಣೆದಿಡು." ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹೊರಗೆ ಬಿಡದ ಮಳೆ, ಒಳಗೆ ಗೋಡೆಯೂ ತೇವ. ಒಗೆದದ್ದು ಒಣಗಬೇಕಾದರೆ ಬಚ್ಚಲೊಲೆಯ ಮೇಲಿನ ಹಗ್ಗವೇ ಗತಿ. ಅಂಥ ಮನೆಗೆ ಯಾವ ನೂಲಿನದ್ದು ಕೊಡಬೇಕು? ಯಾರನ್ನು ಕೇಳಿದರೂ ಒಂದೊಂದು ಮಾತು. ಕೊನೆಗೆ ಒಂದೇ ಮಾದರಿಯನ್ನು ನಾಲ್ಕು ನೂಲಿನಲ್ಲಿ ಹೆಣೆದೆ. ಆಕ್ರಿಲಿಕ್ ಎಂಬ ಕೃತಕ ನೂಲು, ಹತ್ತಿ, ಮೆರಿನೋ ಉಣ್ಣೆ, ಮತ್ತೆ ಹತ್ತಿ–ಆಕ್ರಿಲಿಕ್ ಬೆರಕೆ.

ನಾಲ್ಕೂ 4 ಪ್ಲೈ ನೂಲು (ಪ್ಲೈ ಅಂದರೆ ನೂಲಿನ ದಪ್ಪದ ಲೆಕ್ಕ). 10 ನಂಬರ್ ಕಡ್ಡಿ, ಅಂದರೆ 3.25 ಮಿಲಿಮೀಟರ್. (ಹೊಸದಾಗಿ ಕಲಿಯುವವರು ಇಲ್ಲಿ ಎಡವುತ್ತಾರೆ. ಹಳೆ ಲೆಕ್ಕದಲ್ಲಿ ನಂಬರ್ ದೊಡ್ಡದಾದ ಹಾಗೆ ಕಡ್ಡಿ ಸಪೂರ. 8 ನಂಬರ್ 4 ಮಿಲಿಮೀಟರ್, 12 ನಂಬರ್ 2.75.) ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ. ಕುಲಾವಿ ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಹಿಗ್ಗಿ ಕೂರುತ್ತದೆ. 88 ಕುಣಿಕೆ ಹಾಕಿದೆ, 31 ಸೆಂಟಿಮೀಟರ್ ಬಂತು. ಒಂದು ಸೀದಾ ಒಂದು ಉಲ್ಟಾ ಬಾರ್ಡರ್, ಆಮೇಲೆ ಸಾದಾ, ಮೇಲೆ ಎಂಟು ಕಡೆ ಇಳಿಸುತ್ತಾ ಹೋಗುವುದು. ಒಂದೊಂದಕ್ಕೆ 25 ಗ್ರಾಂ ಒಳಗೇ ನೂಲು ಸಾಕಾಯಿತು.

ಮೊದಲು ಅಂಗಡಿಯ ವಿಷಯ. ನಮ್ಮ ಕಡೆ ಅಂಗಡಿಯಲ್ಲಿ "ಉಲ್ಲನ್ ಕೊಡಿ" ಎಂದರೆ ಹೆಚ್ಚಾಗಿ ಕೊಡುವುದು ಆಕ್ರಿಲಿಕ್. ಅದರಲ್ಲಿ ಮೋಸ ಇಲ್ಲ, ಎಲ್ಲರ ಬಾಯಲ್ಲೂ ಅದರ ಹೆಸರು ಹಾಗೇ ನಿಂತಿದೆ. ಆದರೆ ಕೊಳ್ಳುವವರು ಕುರಿಯ ಉಣ್ಣೆ ಅಂತ ನಂಬಿ ತರುತ್ತಾರಲ್ಲ, ಅದು ನನಗೆ ಬೇಸರ. ಪಟ್ಟಿ ಕಳೆದುಹೋದ ಉಂಡೆ ಇದ್ದರೆ ಒಂದು ಎಳೆ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಬೆಂಕಿ ತೆಗೆದರೆ ತಾನಾಗಿ ಆರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆದು ಬೂದಿ. ಆಕ್ರಿಲಿಕ್ ಕರಗುತ್ತಾ ಉರಿಯುತ್ತದೆ, ತುದಿಯಲ್ಲಿ ಕರಿ ಮಣಿಯಂತೆ ಗಟ್ಟಿಯಾಗುತ್ತದೆ. ಈ ಮಣಿಯ ಕಥೆ ಮುಂದೆ ಬರುತ್ತದೆ.

ಒಣಗುವ ವಿಷಯದಲ್ಲಿ ಆಕ್ರಿಲಿಕ್ ಗೆದ್ದಿತು. ರಾತ್ರಿ ಒಗೆದು, ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಫ್ಯಾನಿನ ಕೆಳಗೆ ಹಾಕಿದರೆ ಬೆಳಗ್ಗೆ ತಲೆಗೆ ಹಾಕುವ ಹಾಗಿತ್ತು. ಅದರ ಎಳೆ ನೀರನ್ನು ಒಳಗೆ ಎಳೆದುಕೊಳ್ಳುವುದು ಬಹಳ ಕಡಿಮೆ. ಮೆರಿನೋ ಮರುದಿನ ಸಂಜೆಗೆ ಒಣಗಿತು. ಹತ್ತಿಗೆ ಎರಡು ದಿನ. ಆದರೂ ಬಾರ್ಡರಿನ ಹತ್ತಿರ ಕೈ ಇಟ್ಟರೆ ತಣ್ಣಗೆ. ಮೂರನೇ ವಾರ ಹಾಗೇ ಅರೆ ಒಣಗಿದ್ದನ್ನು ಮಡಚಿ ಕಪಾಟಿನಲ್ಲಿಟ್ಟೆ. ತೆಗೆಯುವಾಗ ಕರಿ ಚುಕ್ಕೆ, ಬೂಷ್ಟು. ಹತ್ತಿಯ ಮೇಲೆ ಬೂಷ್ಟು ಬೆಳೆದಷ್ಟು ಸುಲಭವಾಗಿ ಆಕ್ರಿಲಿಕ್ ಮೇಲೆ ಬೆಳೆಯುವುದಿಲ್ಲ.

ಹಾಗಾದರೆ ಆಕ್ರಿಲಿಕ್ಕೇ ಸಾಕಲ್ವಾ? ಕುಲಾವಿ ನೋಡಲು ಚಂದ, ಬಣ್ಣ ಬೇಕಾದಷ್ಟು, ಮೆರಿನೋದ ಬೆಲೆಯಲ್ಲಿ ನಾಲ್ಕು ಉಂಡೆ ಬರುತ್ತದೆ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ನೀರು ಎಳೆಯದ ನೂಲು ಬೆವರನ್ನೂ ಎಳೆಯುವುದಿಲ್ಲ. ನಮ್ಮಲ್ಲಿ ಮಳೆ ಬಂದರೂ ಸೆಕೆ ಪೂರ್ತಿ ಹೋಗುವುದಿಲ್ಲ. ಅರ್ಧ ಗಂಟೆ ಹಾಕಿ ತೆಗೆದಾಗ ಮಗುವಿನ ನೆತ್ತಿ ಒದ್ದೆ, ಸಣ್ಣ ಕೂದಲೆಲ್ಲ ಅಂಟಿಕೊಂಡಿತ್ತು.

ಇನ್ನೊಂದು ಕಾರಣ ಕೆಂಡ. ನಮ್ಮ ಮನೆಗಳಲ್ಲಿ ಮಗುವಿಗೆ ಸ್ನಾನ ಆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ತೋರಿಸುವವರು ಈಗಲೂ ಇದ್ದಾರೆ. ಎಳೆ ಮಗುವಿನ ಎದೆಗೆ ಹೊಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾದಿನಿ ನಿಲ್ಲಿಸಿದಳು. ಆದರೆ ಅದಕ್ಕಿಂತ ಮೊದಲು ಒಂದು ದಿನ, ಕುಲಾವಿಯನ್ನು ಬೆಚ್ಚಗೆ ಮಾಡಲು ಕೆಂಡದ ಮೇಲೆ ಹಿಡಿದಿದ್ದಾಗ ಕಿಡಿ ಹಾರಿತು. ಪುಣ್ಯಕ್ಕೆ ಕುಲಾವಿ ಕೈಯಲ್ಲಿತ್ತು, ತಲೆಯ ಮೇಲೆ ಇರಲಿಲ್ಲ. ಕಾಳುಮೆಣಸಿನಷ್ಟು ತೂತು, ಸುತ್ತ ಕರಗಿ ಗಟ್ಟಿಯಾದ ಕರಿ ಅಂಚು. ಅದನ್ನು ಬೆರಳಲ್ಲಿ ಮುಟ್ಟಿ ನೋಡಿದಾಗ ನನ್ನ ಮೈ ಜುಮ್ಮೆಂದಿತು. ಕರಗಿದ ನೂಲು ಚರ್ಮಕ್ಕೆ ಅಂಟಿದರೆ? ಒಲೆ, ಕೆಂಡ, ದೀಪ ಹತ್ತಿರ ಇರುವ ಮನೆಗೆ ಎಳೆ ಮಗುವಿಗೆ ಆಕ್ರಿಲಿಕ್ ಕೊಡುವುದನ್ನು ಅವತ್ತಿಗೇ ಬಿಟ್ಟೆ.

ಮೆರಿನೋಗೆ ಬರುತ್ತೇನೆ. ಕೈಯಲ್ಲಿ ಹಿಡಿದಾಗ ನಾಲ್ಕರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಮೆರಿನೋ ಕುರಿಯ ಎಳೆ ಬಹಳ ಸಪೂರ, ಹೆಚ್ಚಾಗಿ 24 ಮೈಕ್ರಾನ್‌ಗಿಂತ ಕಡಿಮೆ. ಹಾಗಾಗಿ ಒರಟು ಕಂಬಳಿಯಂತೆ ಚುಚ್ಚುವುದಿಲ್ಲ. ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವ ಒಳಗೆ ಸೇರಿದರೂ ಉಣ್ಣೆ ಒದ್ದೆ ಅನ್ನಿಸುವುದಿಲ್ಲ. ಅದೇ ಮಗುವಿಗೆ, ಅದೇ ಅರ್ಧ ಗಂಟೆ ಹಾಕಿ ನೋಡಿದೆವು. ನೆತ್ತಿ ಬೆಚ್ಚಗೆ, ಒಣಗಿಯೇ ಇತ್ತು. "ಅತ್ತಿಗೆ, ಇದನ್ನೇ ಇನ್ನೊಂದು ಮಾಡಿಕೊಡಿ" ಎಂದಳು ನಾದಿನಿ.

ಇನ್ನೊಂದು ಮಾಡಲೇಬೇಕಾಯಿತು. ಮೊದಲನೆಯದು ಎರಡನೇ ವಾರವೇ ಹೋಯಿತು. ಬಾಣಂತಿ ಮನೆಯಲ್ಲಿ ಹಂಡೆಯ ನೀರು ಯಾವಾಗಲೂ ಕುದಿಯುತ್ತಿರುತ್ತದೆ. ಮಗುವಿನ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ, ಚೆನ್ನಾಗಿ ತಿಕ್ಕಿ ಒಗೆಯುವುದು ಕ್ರಮ. ಕುಲಾವಿಯನ್ನೂ ಹಾಗೇ ಒಗೆದರು. ಒಗೆದವರ ತಪ್ಪಿಲ್ಲ, ನಾನು ಹೇಳಿರಲಿಲ್ಲ. ಹೊರಗೆ ತೆಗೆದಾಗ ಸಣ್ಣ ತೆಂಗಿನಕಾಯಿಯ ಗೆರಟೆಯಷ್ಟಾಗಿತ್ತು, ಅಷ್ಟೇ ಗಟ್ಟಿ. 31 ಇದ್ದದ್ದು 24 ಸೆಂಟಿಮೀಟರ್. ಕುಣಿಕೆ ಯಾವುದು, ಸಾಲು ಯಾವುದು ಗೊತ್ತಾಗುತ್ತಿರಲಿಲ್ಲ. ಉಣ್ಣೆಯ ಎಳೆಯ ಮೇಲೆ ನಮ್ಮ ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಸಣ್ಣ ಪದರಗಳು ಇರುತ್ತವೆ. ಬಿಸಿ, ಸೋಪು, ತಿಕ್ಕುವುದು ಮೂರೂ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಆಮೇಲೆ ಎಷ್ಟು ಎಳೆದರೂ ಬಿಡುವುದಿಲ್ಲ. ಎಂಟು ಸಂಜೆಯ ಕೆಲಸ ಅದು. ಎಸೆಯಲು ಮನಸ್ಸು ಬರಲಿಲ್ಲ, ಈಗಲೂ ಹೊಲಿಗೆ ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿಡಲು ಇಟ್ಟುಕೊಂಡಿದ್ದೇನೆ.

ಎರಡನೆಯದಕ್ಕೆ ಪಟ್ಟಿಯಲ್ಲಿ "ಸೂಪರ್‌ವಾಶ್" ಎಂದು ಇದ್ದ ಮೆರಿನೋ ತರಿಸಿದೆ. ಆ ಪದರಗಳು ಸಿಕ್ಕಿಕೊಳ್ಳದ ಹಾಗೆ ಮೊದಲೇ ಹದ ಮಾಡಿರುತ್ತಾರೆ. ಆರು ಸಲ ಒಗೆದ ಮೇಲೂ 31 ಇದ್ದದ್ದು 32 ಆಯಿತು, ಅಷ್ಟೇ. ಆದರೂ ಹಂಡೆ ನೀರಿಗೆ ಹಾಕುವ ಧೈರ್ಯ ನನಗಿಲ್ಲ.

ಹತ್ತಿಗೆ ಬೂಷ್ಟಿನ ಮಾತು ಹೇಳಿದೆ. ಇನ್ನೊಂದು ದೋಷ, ಅದಕ್ಕೆ ತಾನಾಗಿ ಹಿಗ್ಗಿ ಕುಗ್ಗುವ ಗುಣ ಇಲ್ಲ. ಆರು ಒಗೆತಕ್ಕೆ 31 ಇದ್ದದ್ದು 34 ಆಗಿ ಮಗುವಿನ ಕಣ್ಣಿನ ಮೇಲೆ ಇಳಿಯಿತು. ಹತ್ತಿಯಲ್ಲಿ ಹೆಣೆಯುವವರು ಬಾರ್ಡರಿಗೆ ಒಂದು ನಂಬರ್ ಸಪೂರದ ಕಡ್ಡಿ ಹಿಡಿಯಿರಿ, ಕುಣಿಕೆಯನ್ನೂ ನಾಲ್ಕಾರು ಕಡಿಮೆ ಹಾಕಿ. ಅಂಗಡಿಯಲ್ಲಿ ಹೊಳೆಯುವ ಹತ್ತಿ ನೂಲಿನ ಪಟ್ಟಿಯಲ್ಲಿ "ಮರ್ಸರೈಸ್ಡ್" ಎಂದು ಇರುತ್ತದೆ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಕಂಡುಹಿಡಿದ ಕ್ರಮ ಅದು. ನೂಲನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಹೊಳಪು ಬರುವುದು ಅದೇ ಹೊತ್ತಿಗೆ ನೂಲನ್ನು ಬಿಗಿಯಾಗಿ ಎಳೆದು ಹಿಡಿಯುವುದರಿಂದ. ಟೇಬಲ್ ಮ್ಯಾಟಿಗೆ, ಬಾಗಿಲ ತೋರಣಕ್ಕೆ ಅದು ಚಂದ. ಮಗುವಿನ ಮೈಗೆ ಹೊಳಪಿಲ್ಲದ ಸಾದಾ ಹತ್ತಿಯೇ ಮೆದು.

ಇಷ್ಟು ಬೈದರೂ ಒಂದು ಮಾತು. ಬಿಸಿನೀರಿಗೆ, ತಿಕ್ಕಾಟಕ್ಕೆ, ಬಿಸಿಲಿಗೆ ನಾಲ್ಕರಲ್ಲಿ ಅಂಜದೇ ಇದ್ದದ್ದು ಹತ್ತಿ ಒಂದೇ. ಒದ್ದೆಯಾದಾಗ ಹತ್ತಿಯ ಎಳೆ ಇನ್ನೂ ಗಟ್ಟಿ. ನವೆಂಬರಿನಲ್ಲಿ ಹುಟ್ಟುವ ಮಗುವಾಗಿದ್ದರೆ, ಅಂಗಳದಲ್ಲಿ ಬಿಸಿಲು ಇರುತ್ತಿದ್ದರೆ, ಎರಡನೇ ಯೋಚನೆ ಇಲ್ಲದೆ ಹತ್ತಿಯದ್ದೇ ಕೊಡುತ್ತಿದ್ದೆ.

ಬೆರಕೆ ನೂಲಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಂದು ದಿನದಲ್ಲಿ ಒಣಗಿತು, ಆಕಾರ ಉಳಿಸಿಕೊಂಡಿತು, ಆರು ಒಗೆತಕ್ಕೆ ಮೇಲೆಲ್ಲ ಸಣ್ಣ ಗಂಟು ಎದ್ದವು. ಬೆಂಗಳೂರಿನಲ್ಲಿರುವ ಅಕ್ಕನ ಮಗನ ಸ್ವೆಟರಿಗೆ ಅದನ್ನೇ ಬಳಸಿದೆ. ಅಲ್ಲಿ ವಾಷಿಂಗ್ ಮೆಷಿನ್, ಒಣ ಗಾಳಿ, ವರ್ಷಕ್ಕೊಂದು ಅಳತೆ ಬದಲಾಗುವ ಹುಡುಗ. ಅವನಿಗೆ ಅದು ಸರಿ.

ಕುಲಾವಿ ಯಾವ ನೂಲಿನದ್ದಾದರೂ ಎರಡು ಮಾತು ನೆನಪಿಡಿ. ಮಗು ಮನೆಯೊಳಗೆ ಮಲಗಿರುವಾಗ ಅದು ಬೇಡ. ಮಕ್ಕಳ ಮೈಯ ಬಿಸಿ ತಲೆಯಿಂದಲೇ ತುಂಬಾ ಹೊರಗೆ ಹೋಗುತ್ತದೆ, ಮುಚ್ಚಿದರೆ ಮೈ ಕಾಯುತ್ತದೆ, ಜಾರಿದರೆ ಮೂಗು ಮುಚ್ಚುತ್ತದೆ. ಇನ್ನೊಂದು, ಕಟ್ಟಲು ಉದ್ದದ ದಾರ ಬೇಡ. ಸಾಕ್ಸ್ ಹೆಣೆದರೆ ಒಳಗೆ ನೂಲಿನ ಎಳೆ ಜೋತಾಡದ ಹಾಗೆ ಮುಗಿಸಿ. ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡುವುದು ನಿಲ್ಲುತ್ತದೆ, ಮಗು ಯಾಕೆ ಅಳುತ್ತದೆ ಎಂದೇ ಗೊತ್ತಾಗುವುದಿಲ್ಲ.

ಮಗುವಿನ ಮನೆಯಲ್ಲಿ ಕಲಿತದ್ದು ದೊಡ್ಡವರ ಉಡುಗೊರೆಗೂ ಬಂತು. ನನ್ನ ತವರು ಬ್ರಹ್ಮಾವರದ ಹತ್ತಿರ. ಅಪ್ಪನಿಗೆ ಆಟದ, ಅಂದರೆ ಯಕ್ಷಗಾನದ ಹುಚ್ಚು. ನವೆಂಬರಿನಲ್ಲಿ ಮೇಳಗಳು ತಿರುಗಾಟ ಶುರು ಮಾಡಿದವೆಂದರೆ ಮೇ ತಿಂಗಳ ಪತ್ತನಾಜೆಗೆ ತಿರುಗಾಟ ಮುಗಿಯುವವರೆಗೆ ಅಪ್ಪ ಎಷ್ಟು ರಾತ್ರಿ ಮನೆಯಲ್ಲಿರುತ್ತಾರೋ ಲೆಕ್ಕ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಗದ್ದೆಯಲ್ಲಿ ಕುಳಿತು ನೋಡುವಾಗ ಬೆಳಗಿನ ಜಾವ ಇಬ್ಬನಿ ಇಳಿಯುತ್ತದೆ. ಎರಡು ಮಫ್ಲರ್ ಹೆಣೆದುಕೊಟ್ಟೆ. ಎರಡೂ 8 ಪ್ಲೈ, 8 ನಂಬರ್ ಕಡ್ಡಿ, 44 ಕುಣಿಕೆ. ಒಂದು ಆಕ್ರಿಲಿಕ್, ಒಂದು ಉಣ್ಣೆ. ಯಾವುದು ಯಾವುದೆಂದು ಹೇಳಲಿಲ್ಲ. ಸುಮ್ನೆ ನೋಡೋಣ ಎಂದು ಬಿಟ್ಟೆ. ಒಂದು ತಿಂಗಳಾದ ಮೇಲೆ ಹೋದರೆ ಆಕ್ರಿಲಿಕ್ ಮಫ್ಲರ್ ಅಮ್ಮನ ಕಪಾಟಿನಲ್ಲಿ ಮಡಚಿದ ಹಾಗೇ ಇತ್ತು. ಉಣ್ಣೆಯದ್ದು ಅಪ್ಪನ ಬೈಕಿನ ಹ್ಯಾಂಡಲ್ಲಿನಲ್ಲಿ. "ಅದು ಹತ್ತು ಗಂಟೆಗೆ ಬೆವರಿಸ್ತದೆ, ನಾಲ್ಕು ಗಂಟೆಗೆ ತಣ್ಣಗಾಗ್ತದೆ. ಇದು ಚೌಕಿ ಪೂಜೆಯಿಂದ ಮಂಗಳದವರೆಗೆ ಒಂದೇ ಹಾಗೆ ಉಂಟು ಮಗಾ" ಎಂದರು, ಅಂದರೆ ಆಟದ ಶುರುವಿನಿಂದ ಕೊನೆಯವರೆಗೆ. ಇಬ್ಬನಿಯ ಲೆಕ್ಕವನ್ನು ಇದಕ್ಕಿಂತ ಚೆನ್ನಾಗಿ ನಾನು ಎಲ್ಲಿಯೂ ಕೇಳಿಲ್ಲ.

ಅತ್ತೆಗೆ ಶಾಲು. ಅವರು ಮೊದಲು ಕೇಳಿದ್ದೇ, "ಇದು ಉಣ್ಣೆಯಾ, ಪ್ಲಾಸ್ಟಿಕ್ಕಾ?" ಅವರು ಬೆಳಗ್ಗೆ ಮಡಿಯಲ್ಲಿ ಪೂಜೆಗೆ ಕೂರುವವರು. ಹತ್ತಿ ಬಟ್ಟೆಯಾದರೆ ಅಂದಂದೇ ಒಗೆದು ಯಾರೂ ಮುಟ್ಟದ ಹಾಗೆ ಒಣಗಿಸಬೇಕು. ರೇಷ್ಮೆಗೆ, ಉಣ್ಣೆಗೆ ಅಷ್ಟು ಕಟ್ಟಿಲ್ಲ. ಆಕ್ರಿಲಿಕ್ ಅವರ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಹಣ ಸ್ವಲ್ಪ ಹೆಚ್ಚಾದರೂ 300 ಗ್ರಾಂ 4 ಪ್ಲೈ ಉಣ್ಣೆ ತಂದು, ಜಾಲರಿ ನಮೂನೆಯಲ್ಲಿ ಹೆಣೆದೆ. ಮುಗಿದಾಗ ಮುದ್ದೆಯಾಗಿ ಕಂಡಿತು, ಎದೆ ಧಸಕ್ಕೆಂದಿತು. ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ಚಾಪೆಯ ಮೇಲೆ ಎಳೆದು ಪಿನ್ ಚುಚ್ಚಿ ಫ್ಯಾನ್ ಹಾಕಿದೆ. ಮರುದಿನ ಪಿನ್ ತೆಗೆದಾಗ ಒಂದೊಂದು ಕಣ್ಣೂ ಬಿಡಿಸಿಕೊಂಡು ನಿಂತಿತ್ತು. ಹೀಗೆ ಹೇಳಿದ ಮಾತು ಕೇಳುವುದು ಉಣ್ಣೆ. ಆಕ್ರಿಲಿಕ್ಕಿಗೆ ಇದನ್ನು ಮಾಡಿದರೆ ಪಿನ್ ತೆಗೆದ ಕೂಡಲೇ ಹಿಂದಕ್ಕೆ ಹೋಗುತ್ತದೆ. ಇಸ್ತ್ರಿ ತಾಗಿಸಿದರಂತೂ ಜೀವ ಸತ್ತ ಹಾಗೆ ಜೋಲುತ್ತದೆ.

ಉಣ್ಣೆ ಇಟ್ಟ ಕಪಾಟಿಗೆ ನುಸಿ ಬರುತ್ತದೆ, ಅದು ನಿಜ. ದೊಡ್ಡವರ ಬಟ್ಟೆಗೆ ನುಸಿ ಗುಳಿಗೆ ಹಾಕುವವರು ಹಾಕಲಿ. ಮಗುವಿನ ಬಟ್ಟೆಯ ಹತ್ತಿರ ಮಾತ್ರ ಖಂಡಿತ ಬೇಡ. ಕೆಲವು ಮಕ್ಕಳಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ. ನ್ಯಾಫ್ತಲೀನ್ ಹಿಡಿದ ಬಟ್ಟೆ ಹಾಕಿದರೆ ಅಂಥ ಮಗುವಿನ ರಕ್ತಕಣಗಳು ಒಡೆದು ಕಾಮಾಲೆ ಜೋರಾಗುತ್ತದೆ. ನಾನು ಚೆನ್ನಾಗಿ ಒಣಗಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿ ಹಾಕಿಡುತ್ತೇನೆ, ಪರಿಮಳಕ್ಕೆ ಒಂದು ಹಿಡಿ ಲಾವಂಚದ ಬೇರು. ತಿಂಗಳಿಗೊಮ್ಮೆ ತೆಗೆದು ಕೊಡವುತ್ತೇನೆ.

ನಾದಿನಿಯ ಮಗುವಿಗೆ ಈಗ ಐದು ತಿಂಗಳು. ತಲೆ 42 ಸೆಂಟಿಮೀಟರ್ ಆಗಿದೆ, ಹಳೆಯ ಕುಲಾವಿ ಯಾವುದೂ ಹಿಡಿಯುವುದಿಲ್ಲ. ಹೊಸದಕ್ಕೆ 104 ಕುಣಿಕೆ ಹಾಕಿದ್ದೇನೆ, ಅದೇ ಸೂಪರ್‌ವಾಶ್ ಮೆರಿನೋ, ಹಸಿ ಅಡಿಕೆಯ ಹಸುರು ಬಣ್ಣ. ಒಳಗಡೆ ಹೊಲಿಯಲು ಬೆರಳಗಲದ ಬಿಳಿ ಬಟ್ಟೆಯ ಪಟ್ಟಿಯೂ ಸಿದ್ಧವಾಗಿದೆ. ಅದರ ಮೇಲೆ ಕೆಂಪು ದಾರದಲ್ಲಿ "ತಣ್ಣೀರು ಮಾತ್ರ" ಎಂದು ಕಸೂತಿ ಹಾಕಿದ್ದೇನೆ. ಹಂಡೆಯ ಹತ್ತಿರ ಯಾರು ನಿಂತಿದ್ದರೂ ಓದಲು ಸಿಗಬೇಕು ಎಂದು ಅಕ್ಷರ ಸ್ವಲ್ಪ ದೊಡ್ಡದಾಗಿಯೇ ಇದೆ.